ಯಾವ ಸಾಲಿನಲ್ಲಿ ದಾರಿ ತಪ್ಪಿತು?

ತರಗತಿಯಲ್ಲಿ ಮೇಷ್ಟರು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ "ಅರ್ಥವಾಯಿತಾ?" ಎನ್ನುವುದು. ಅದಕ್ಕೆ ಬರುವ ಉತ್ತರವೂ ಯಾವಾಗಲೂ ಒಂದೇ. ಮುಂದಿನ ಎರಡು ಬೆಂಚುಗಳು "ಆಯಿತು ಸಾರ್" ಎಂದು ರಾಗವಾಗಿ ಹೇಳುತ್ತವೆ, ನಡುವಿನ ಬೆಂಚುಗಳು ತಲೆಯಾಡಿಸುತ್ತವೆ, ಹಿಂದಿನ ಬೆಂಚುಗಳು ನೋಟ್ಸ್ ಬರೆಯುವುದರಲ್ಲಿ ಮುಳುಗಿದಂತೆ ತಲೆ ತಗ್ಗಿಸುತ್ತವೆ. ಮೇಷ್ಟರು ಡಸ್ಟರ್ ಎತ್ತಿಕೊಂಡು ಬೋರ್ಡು ಒರೆಸುತ್ತಾರೆ. ತಿಂಗಳಾದ ಮೇಲೆ ಟೆಸ್ಟ್ ಪೇಪರ್ ತಿದ್ದುವಾಗ, ಅಂದು ಆಯಿತು ಎಂದವರಲ್ಲಿ ಬಹಳ ಮಂದಿಗೆ ಏನೂ ಆಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಆಗ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತೂ ಹೆಚ್ಚುಕಡಿಮೆ ಒಂದೇ: "ಕೇಳಿದ್ದರೆ ಹೇಳಿಕೊಡುತ್ತಿರಲಿಲ್ಲವೇ? ಬಾಯಿ ಬಿಟ್ಟು ಕೇಳುವುದಕ್ಕೆ ಇವರಿಗೇನು ದಾಡಿ?"

ನಾನು ಭೌತಶಾಸ್ತ್ರ ಪಾಠ ಮಾಡುವವನು, ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ. ಪ್ರಥಮ ಪಿಯುಸಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರು. ಅವರಲ್ಲಿ ಎಷ್ಟೋ ಮಂದಿ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಇಂಗ್ಲಿಷ್ ಪಠ್ಯಪುಸ್ತಕದ ಮುಂದೆ ಕುಳಿತವರು. ಸ್ಟಾಫ್ ರೂಮಿನ ಆ ಮಾತು ಬೇಸರದಲ್ಲಿ ಹುಟ್ಟಿದ್ದು. ಆದರೂ ಅದನ್ನು ನಿಜವಾದ ಪ್ರಶ್ನೆಯೆಂದೇ ಎತ್ತಿಕೊಂಡು ಉತ್ತರ ಹುಡುಕಬೇಕು ಎಂದು ನನಗೆ ಅನ್ನಿಸುತ್ತದೆ. ಕೇಳುವುದಕ್ಕೆ ಏನು ದಾಡಿ? ಬಹಳಷ್ಟು ಇವೆ. ಹದಿನಾರು ವಯಸ್ಸಿನ ಹುಡುಗ ಹುಡುಗಿಯರು ಲೆಕ್ಕ ಹಾಕಿಯೇ ಸುಮ್ಮನಿರುತ್ತಾರೆ. ಕೇಳಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬ ಅವರ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆ ಲೆಕ್ಕದ ಅಂಕಿಗಳನ್ನು ಬದಲಾಯಿಸುವ ಕೆಲಸ ಅವರಿಗಿಂತ ಮೊದಲು ನಮ್ಮದು, ಸೀಮೆಸುಣ್ಣ ಹಿಡಿದವರದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸರಳರೇಖೆಯಲ್ಲಿ ಚಲನೆ ಎಂಬ ಅಧ್ಯಾಯದಲ್ಲಿ, ನೇರವಾಗಿ ಮೇಲಕ್ಕೆ ಎಸೆದ ಚೆಂಡಿನ ಲೆಕ್ಕ ಬರುತ್ತದೆ. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಎಸೆದರೆ, ಒಂದು ಸೆಕೆಂಡಿನ ಕೊನೆಗೆ ವೇಗ 9.8ಕ್ಕೆ ಇಳಿಯುತ್ತದೆ, ಎರಡು ಸೆಕೆಂಡಿನ ಕೊನೆಗೆ ಸೊನ್ನೆಯಾಗುತ್ತದೆ, ಆಮೇಲೆ ಚೆಂಡು ಕೆಳಮುಖವಾಗುತ್ತದೆ. ತುತ್ತತುದಿಯಲ್ಲಿ ವೇಗ ಸೊನ್ನೆ, ಆದರೆ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಮಾತ್ರ ಅಲ್ಲಿಯೂ 9.8, ಕೆಳಮುಖವಾಗಿ. ಪುಸ್ತಕದಲ್ಲಿ ಇದು ಒಂದು ಸಾಲು. ಬೋರ್ಡಿನ ಮೇಲೆ ಅರ್ಧ ನಿಮಿಷ.

ಒಂದು ವರ್ಷ ಈ ಪಾಠವಾದ ಮೇಲೆ ಒಬ್ಬಳು ಹುಡುಗಿ ವರಾಂಡದಲ್ಲಿ ನಿಂತಿದ್ದಳು, ಜೊತೆಗೆ ಗೆಳತಿ. ಗೆಳತಿ ಅವಳ ಬ್ಯಾಗಿನ ಪಟ್ಟಿ ಹಿಡಿದು "ಬಾರೇ, ಬಸ್ಸು ಹೋಗುತ್ತದೆ" ಎಂದು ಎಳೆಯುತ್ತಿದ್ದಳು. ಹುಡುಗಿ ನೋಟ್‌ಬುಕ್ ತೆರೆದಳು. ಆ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದಳು. "ಸಾರ್, ಚೆಂಡು ನಿಂತೇಹೋದ ಮೇಲೆ ಈ 9.8 ಎಲ್ಲಿಂದ ಬಂತು?"

ನಾನು ತಿರುಗಿ ಕೇಳಿದೆ: "ಅಲ್ಲಿ ವೇಗೋತ್ಕರ್ಷ ಸೊನ್ನೆ ಎಂದೇ ಇಟ್ಟುಕೋ. ಹಾಗಾದರೆ ಮುಂದಿನ ಕ್ಷಣಕ್ಕೆ ವೇಗ ಬದಲಾಗುತ್ತದೆಯೋ?"

"ಇಲ್ಲ ಸಾರ್."

"ಈಗ ವೇಗ ಎಷ್ಟು?"

"ಸೊನ್ನೆ."

"ಮುಂದಿನ ಕ್ಷಣಕ್ಕೆ?"

"ಸೊನ್ನೆಯೇ." ಸ್ವಲ್ಪ ಹೊತ್ತು ಪುಸ್ತಕ ನೋಡಿದಳು. "ಅಯ್ಯೋ, ಹಾಗಾದರೆ ಚೆಂಡು ಅಲ್ಲೇ ನಿಂತುಬಿಡುತ್ತದೆ!"

ಅವಸರ ಮಾಡುತ್ತಿದ್ದ ಗೆಳತಿಯೂ ಬ್ಯಾಗಿನ ಪಟ್ಟಿ ಬಿಟ್ಟು ಕೇಳಿಸಿಕೊಳ್ಳುತ್ತಿದ್ದಳು. ಮಾರನೆಯ ದಿನ ಅದೇ ಪ್ರಶ್ನೆಯನ್ನು ತರಗತಿಯ ಮುಂದಿಟ್ಟೆ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ತುದಿಯಲ್ಲಿ ವೇಗೋತ್ಕರ್ಷ ಸೊನ್ನೆ ಎನ್ನುವವರು ಕೈ ಎತ್ತಿ ಎಂದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನಕ್ಕೆ ನೂರಕ್ಕೆ ತೊಂಬತ್ತರ ಮೇಲೆ ತೆಗೆದವರ ಕೈಗಳೂ ಅದರಲ್ಲಿದ್ದವು. ಹಿಂದಿನ ದಿನ ಅವರೆಲ್ಲರೂ "ಆಯಿತು ಸಾರ್" ಎಂದವರೇ.

ಈ ಗೊಂದಲ ದಡ್ಡತನದ ಗುರುತಲ್ಲ. ಮೇಲಕ್ಕೆ ಎಸೆದ ವಸ್ತುವಿನೊಳಗೆ ಎಸೆದ ಕೈ ತುಂಬಿಸಿದ ಬಲವೊಂದು ಇರುತ್ತದೆ, ಅದು ಕರಗುತ್ತ ಹೋಗಿ ವಸ್ತುವಿನ ಭಾರಕ್ಕೆ ಸಮನಾದಾಗ ವಸ್ತು ತುದಿ ಮುಟ್ಟುತ್ತದೆ ಎಂದು 1590ರ ಸುಮಾರಿಗೆ ಪೀಸಾದಲ್ಲಿದ್ದ ಯುವಕ ಗೆಲಿಲಿಯೋ ಕೂಡ ಬರೆದಿದ್ದ. ಆ ಆಲೋಚನೆಯಿಂದ ಬಿಡಿಸಿಕೊಂಡು ಏಕರೂಪ ವೇಗೋತ್ಕರ್ಷದ ಕಲ್ಪನೆಗೆ ಬರಲು ಅವನಿಗೆ ವರ್ಷಗಳೇ ಹಿಡಿದವು. ಗೆಲಿಲಿಯೋಗೆ ವರ್ಷಗಳು ಬೇಕಾದದ್ದು ನಮ್ಮ ಮಕ್ಕಳಿಗೆ ಅರ್ಧ ನಿಮಿಷದಲ್ಲಿ ಆಗಬೇಕು ಎಂದು ನಾವು ಬಯಸುತ್ತೇವೆ. ಆಗದಿದ್ದಾಗ ಅದನ್ನು ಹೇಳುವ ಧೈರ್ಯವೂ ಅವರಲ್ಲೇ ಇರಬೇಕು ಎನ್ನುತ್ತೇವೆ.

ಆ ಕೈಗಳನ್ನು ಕಂಡಾಗ ನನಗೆ ನೆನಪಾದದ್ದು ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಎಂಬ ಮನಃಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ. ವಿದ್ಯಾರ್ಥಿಗಳ ಸಣ್ಣ ಸಣ್ಣ ಗುಂಪುಗಳಿಗೆ ಬೇಕೆಂದೇ ಗೋಜಲಾಗಿ ಬರೆದ, ಯಾರಿಗೂ ತಲೆಬುಡ ತಿಳಿಯದ ಲೇಖನವೊಂದನ್ನು ಓದಲು ಕೊಟ್ಟರು. ಅರ್ಥವಾಗುವುದು ತೀರಾ ಕಷ್ಟವಾದರೆ ಬಂದು ಕೇಳಬಹುದು ಎಂದೂ ತಿಳಿಸಿದರು. ಯಾರೂ ಎದ್ದು ಹೋಗಲಿಲ್ಲ. ಕುತೂಹಲದ ಸಂಗತಿ ಇರುವುದು ಮುಂದೆ. ನಿನಗೆ ಎಷ್ಟು ಅರ್ಥವಾಯಿತು, ಉಳಿದವರಿಗೆ ಎಷ್ಟು ಅರ್ಥವಾಗಿರಬಹುದು ಎಂದು ಕೇಳಿದಾಗ, ಉಳಿದವರಿಗೆ ತಮಗಿಂತ ಚೆನ್ನಾಗಿ ಅರ್ಥವಾಗಿದೆ ಎಂದೇ ಅವರು ಸಾಮಾನ್ಯವಾಗಿ ಅಂದಾಜು ಮಾಡಿದ್ದರು. ತಾನು ಸುಮ್ಮನಿದ್ದದ್ದು ನಾಚಿಕೆಯಿಂದ ಎಂದು ಪ್ರತಿಯೊಬ್ಬನಿಗೂ ಗೊತ್ತು. ಪಕ್ಕದವನು ಸುಮ್ಮನಿರುವುದು ತಿಳಿದದ್ದರಿಂದ ಎಂದು ಮಾತ್ರ ನಂಬುತ್ತಾನೆ. ಎಲ್ಲರೂ ಒಬ್ಬರ ಮೌನವನ್ನು ಇನ್ನೊಬ್ಬರು ತಪ್ಪಾಗಿ ಓದುತ್ತ ಕುಳಿತ ಕೋಣೆ ಅದು. ನಮ್ಮ ಕಾಲೇಜಿನ ಎಂಬತ್ತು ಮಕ್ಕಳ ಸೆಕ್ಷನ್ನಿನಲ್ಲಿ ಅದೇ ಕೋಣೆ ಇನ್ನಷ್ಟು ದೊಡ್ಡದಾಗಿದೆ, ಅಷ್ಟೇ.

ಇನ್ನು ಖರ್ಚಿನ ಬಾಬತ್ತು. ಕೈ ಎತ್ತಿದವನಿಗೆ ಏನೇನು ಹೋಗುತ್ತದೆ? ಮೊದಲನೆಯದು ನಗು. ಜೋರಾದ ನಗುವೇ ಬೇಕಾಗಿಲ್ಲ, ಹಿಂದಿನಿಂದ ಒಂದು "ಹ್ಞೂಂ" ಎಂಬ ಸದ್ದು ಸಾಕು. ಎರಡನೆಯದು ಮೇಷ್ಟರ ಮಾತು. "ಇಷ್ಟು ಹೊತ್ತು ಏನು ಕೇಳಿಸಿಕೊಳ್ಳುತ್ತಿದ್ದೆ?" "ಇದು ಒಂಬತ್ತನೆಯ ತರಗತಿಯಲ್ಲೇ ಬರಬೇಕಾಗಿತ್ತಲ್ಲ?" ಒಬ್ಬ ಹುಡುಗನಿಗೆ ಒಂದೇ ಸಲ ಹೇಳಿದರೂ ಸಾಕು, ಪಾಠ ಕಲಿಯುವವರು ಉಳಿದ ಎಪ್ಪತ್ತೊಂಬತ್ತು ಮಂದಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೆಚ್ಚುಕಡಿಮೆ ಮರೆಯಾಯಿತು, ಒಳ್ಳೆಯದಾಯಿತು. ಆದರೆ ನಾಲಿಗೆಯ ಚುಚ್ಚುಮಾತು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಮಗು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ.

ಹೆಣ್ಣುಮಕ್ಕಳಿಗೆ ಈ ಖರ್ಚು ಇನ್ನೂ ಒಂದು ಪಟ್ಟು ಹೆಚ್ಚು. "ದೊಡ್ಡವರ ಮುಂದೆ ಬಾಯಿ ಮಾಡಬೇಡ" ಎಂದು ಮನೆಯಲ್ಲಿ ಕಲಿತು ಬಂದವರು, ಗಂಡುಹುಡುಗರೆಲ್ಲ ಒಮ್ಮೆಲೇ ಕತ್ತು ತಿರುಗಿಸಿ ನೋಡುವ ಕೋಣೆಯಲ್ಲಿ ಎದ್ದು ನಿಂತು "ನನಗೆ ತಿಳಿಯಲಿಲ್ಲ" ಎನ್ನಬೇಕು. ಕನ್ನಡ ಮಾಧ್ಯಮದಿಂದ ಬಂದವರದು ಬೇರೆಯದೇ ಸಂಕಟ. ಇಂಗ್ಲಿಷಿನಲ್ಲಿ ಕೇಳಿದರೆ ವಾಕ್ಯ ಮುರಿಯುತ್ತದೆ, ಕನ್ನಡದಲ್ಲಿ ಕೇಳಿದರೆ ತಾನು ಎಲ್ಲಿಂದ ಬಂದವನು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ. ಅದಕ್ಕೇ ನಾನು ಜೂನ್ ತಿಂಗಳ ಮೊದಲ ಪೀರಿಯಡ್ಡಿನಲ್ಲೇ ಹೇಳಿಬಿಡುತ್ತೇನೆ: ಪ್ರಶ್ನೆ ಕನ್ನಡದಲ್ಲಿ ಬರಲಿ, ಉತ್ತರವೂ ಮೊದಲು ಕನ್ನಡದಲ್ಲೇ ಬರುತ್ತದೆ, ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯವನ್ನು ಕೊನೆಯಲ್ಲಿ ಜೊತೆಯಾಗಿ ಕಟ್ಟೋಣ. ಬಸ್ಸಿನ ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದು ದೊಡ್ಡದು. "ಕ್ಲಾಸಿನಲ್ಲಿ ಮುಜುಗರವಾದರೆ ಆಮೇಲೆ ಬಂದು ಕೇಳು" ಎನ್ನುವುದು ಸುಲಭ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕಾದ, ಕತ್ತಲಾದ ಮೇಲೆ ಊರಿನ ಗೇಟಿನಿಂದ ಒಳಗೆ ನಡೆಯಬೇಕಾದ ಹುಡುಗಿಗೆ "ಆಮೇಲೆ" ಎಂಬುದೇ ಇಲ್ಲ. ಕೇಳುವ ಅವಕಾಶ ಪೀರಿಯಡ್ಡಿನ ಒಳಗೇ ಇರಬೇಕು.

ನಮ್ಮ ತರಗತಿಯ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಪಾಠದ ಕೊನೆಯ ನಾಲ್ಕೈದು ನಿಮಿಷ ಎಲ್ಲರೂ ಒಂದೊಂದು ಚೀಟಿ ಬರೆಯಬೇಕು. ಹೆಸರು ಬೇಡ. ತಿಳಿಯದ್ದು ಇದ್ದರೆ ಅದು, ಇಲ್ಲದಿದ್ದರೆ ಇಂದಿನ ಪಾಠದ ಒಂದು ವಾಕ್ಯ. ಎಲ್ಲರೂ ಬರೆಯುವುದರಿಂದ, ಬರೆಯುತ್ತಿರುವವನಿಗೆ ತಿಳಿದಿಲ್ಲ ಎಂದು ಪಕ್ಕದವನಿಗೆ ಗೊತ್ತಾಗುವುದಿಲ್ಲ. ಇದು ನಾನು ಕಂಡುಹಿಡಿದ ಉಪಾಯವೇನಲ್ಲ, ಎಷ್ಟೋ ಕಡೆ ಶಿಕ್ಷಕರು ಮಾಡುತ್ತಾರೆ. ಆದರೆ ಅದರಲ್ಲಿ ಬಂದ ಚೀಟಿಗಳು ನನಗೆ ಬಹಳ ಕಲಿಸಿವೆ.

ಮೊದಲ ವಾರದ ಚೀಟಿಗಳಲ್ಲಿ ಭೌತಶಾಸ್ತ್ರವೇ ಕಡಿಮೆ. "ಸಾರ್, ಬೋರ್ಡಿನ ಕೆಳಗಿನ ಸಾಲುಗಳು ಹಿಂದೆ ಕಾಣುವುದಿಲ್ಲ." "ನೀವು ಹೇಳುವಾಗ ಬರೆಯಬೇಕೋ ಕೇಳಬೇಕೋ?" "ಕೆಲವು ಲೆಕ್ಕದಲ್ಲಿ ಪ್ಲಸ್ 9.8 ಹಾಕುತ್ತೀರಿ, ಕೆಲವದರಲ್ಲಿ ಮೈನಸ್ 9.8 ಹಾಕುತ್ತೀರಿ, ಯಾವಾಗ ಯಾವುದು?" ಈ ಕೊನೆಯದು ಪ್ರತಿ ವರ್ಷ ತಪ್ಪದೆ ಬರುತ್ತದೆ, ಒಂದೇ ದಿನ ಹತ್ತಾರು ಕೈಬರಹಗಳಲ್ಲಿ. ಮೇಲ್ಮುಖವನ್ನು ಪ್ಲಸ್ ಎಂದು ಮೊದಲೇ ಗೊತ್ತು ಮಾಡಿಕೊಂಡರೆ 9.8ಕ್ಕೆ ಮೈನಸ್ ಬರುತ್ತದೆ, ಕೆಳಮುಖವನ್ನು ಪ್ಲಸ್ ಎಂದುಕೊಂಡರೆ ಪ್ಲಸ್ ಬರುತ್ತದೆ, ಆಯ್ಕೆ ನಮ್ಮದು, ಒಂದು ಲೆಕ್ಕ ಮುಗಿಯುವವರೆಗೆ ಅದಕ್ಕೆ ಬದ್ಧರಾಗಿರಬೇಕು. ಎರಡು ನಿಮಿಷದ ಉತ್ತರ. ಅದು ಸಿಗದೆ ಹೋದರೆ ಆ ಮಗು ವರ್ಷವಿಡೀ ಚಿಹ್ನೆಯನ್ನು ಊಹೆಯ ಮೇಲೆ ಹಾಕುತ್ತದೆ.

ಇನ್ನೊಂದು ಚೀಟಿಯಲ್ಲಿ ಬರವಣಿಗೆ ಬಹಳ ಕಡಿಮೆ ಇತ್ತು. ವೃತ್ತದ ನಡುವೆ ಅಡ್ಡಗೆರೆ ಎಳೆದ ಚಿತ್ರ ಬರೆದು, ಅದರ ಮುಂದೆ "ಇದನ್ನು ಹೇಗೆ ಓದುವುದು ಸಾರ್?" ಎಂದಿತ್ತು. ಅದು ಥೀಟಾ, ಕೋನವನ್ನು ಸೂಚಿಸುವ ಗ್ರೀಕ್ ಅಕ್ಷರ. ಅದನ್ನು ನೋಡಿ ಬಹಳ ಹೊತ್ತು ಯೋಚಿಸಿದೆ. ಕೋನದ ಬಗ್ಗೆ ಆ ಮಗುವಿಗೆ ಸಂಶಯ ಬಂದಿದ್ದರೂ, ಎದ್ದು ನಿಂತು "ಸಾರ್, ಆ..." ಎಂದು ನಿಲ್ಲಬೇಕಾಗಿತ್ತು. ಕೇಳಬೇಕಾದ ವಸ್ತುವಿನ ಹೆಸರೇ ಬಾಯಿಗೆ ಬಾರದವನು ಹೇಗೆ ಕೇಳುತ್ತಾನೆ? ಅಂದಿನಿಂದ ಹೊಸ ಚಿಹ್ನೆ ಬಂದಾಗಲೆಲ್ಲ ಇಡೀ ತರಗತಿ ಅದನ್ನು ಬಾಯಿಬಿಟ್ಟು ಹೇಳಬೇಕು. ಥೀಟಾ, ಡೆಲ್ಟಾ, ಲ್ಯಾಂಬ್ಡಾ, ಮ್ಯೂ. ಪಿಯುಸಿ ಹುಡುಗರಿಗೆ ಒಂದನೆಯ ತರಗತಿಯ ಹಾಗೆ ಹೇಳಿಸುತ್ತೀರಲ್ಲ ಎಂದು ಯಾರಾದರೂ ಅಂದರೆ ನನಗೆ ಬೇಸರವಿಲ್ಲ.

ಎರಡನೆಯ ಅಭ್ಯಾಸ ಸಾಲುಗಳಿಗೆ ನಂಬರ್ ಹಾಕುವುದು. ಬೋರ್ಡಿನ ಮೇಲೆ ಯಾವುದೇ ಸಮೀಕರಣವನ್ನು ನಿರೂಪಿಸುವಾಗ ಎಡಗಡೆ ಒಂದು, ಎರಡು, ಮೂರು ಎಂದು ಬರೆಯುತ್ತ ಹೋಗುತ್ತೇನೆ. ಮುಗಿದ ಮೇಲೆ "ಅರ್ಥವಾಯಿತಾ?" ಎನ್ನುವ ಬದಲು "ಯಾವ ಸಾಲಿನಲ್ಲಿ ದಾರಿ ತಪ್ಪಿತು?" ಎನ್ನುತ್ತೇನೆ. ಎಲ್ಲಾದರೂ ತಪ್ಪಿಯೇ ಇರುತ್ತದೆ ಎಂಬುದು ಆ ಮಾತಿನಲ್ಲೇ ಇದೆ. ಮಗು ಪ್ರಶ್ನೆಯನ್ನು ಕಟ್ಟಬೇಕಾಗಿಲ್ಲ, ಒಂದು ಅಂಕಿ ಹೇಳಿದರೆ ಸಾಕು. ಮೂರನೆಯ ಚಲನಾ ಸಮೀಕರಣವನ್ನು ನಿರೂಪಿಸುವಾಗ ಒಮ್ಮೆ ಹೀಗೆ ಕೇಳಿದೆ. "ಐದು ಸಾರ್" ಎಂದು ಒಬ್ಬ. "ನಮಗೂ ಐದು" ಎಂದು ಇನ್ನೊಂದು ಬೆಂಚು. ಐದನೆಯ ಸಾಲಿನಲ್ಲಿ ಎರಡು ವೇಗಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿ, ವರ್ಗಗಳ ವ್ಯತ್ಯಾಸ ಎಂದು ಬರೆದಿತ್ತು. ಭೌತಶಾಸ್ತ್ರ ಅವರಿಗೆ ಪೂರ್ತಿ ತಿಳಿದಿತ್ತು, ತಪ್ಪಿದ್ದು ಹೈಸ್ಕೂಲಿನ ಬೀಜಗಣಿತದ ನಿತ್ಯಸಮೀಕರಣ. ಒಟ್ಟಾರೆ "ಅರ್ಥವಾಗಲಿಲ್ಲ" ಎಂದು ಬಿಟ್ಟಿದ್ದರೆ ನಾನು ಇಡೀ ಪಾಠವನ್ನು ಮೊದಲಿನಿಂದ ಅದೇ ಮಾತುಗಳಲ್ಲಿ ಹೇಳುತ್ತಿದ್ದೆ, ಅವರು ಮತ್ತೆ ಐದನೆಯ ಸಾಲಿನಲ್ಲೇ ನಿಲ್ಲುತ್ತಿದ್ದರು.

ಕೇಳಿದ ಮೇಲೆ ಕಾಯಬೇಕು. ಇದು ಹೇಳಲು ಸುಲಭ, ಮಾಡಲು ಬಹಳ ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದು ನೋಡಿದರು. ಶಿಕ್ಷಕರು ಪ್ರಶ್ನೆ ಹಾಕಿದ ಮೇಲೆ ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್ ಅಥವಾ ಅದಕ್ಕೂ ಕಡಿಮೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವುದು ಕಡಿಮೆಯಾಯಿತು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು, ಹಿಂದುಳಿದವರೆಂದು ಶಿಕ್ಷಕರು ಎಣಿಸಿದ್ದ ಮಕ್ಕಳೂ ಬಾಯಿ ತೆರೆದರು. ಮೂರೇ ಸೆಕೆಂಡ್. ತರಗತಿಯ ಎದುರು ನಿಂತು ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ, ಅದು ಎಷ್ಟು ಉದ್ದ ಎಂಬುದು ಗೊತ್ತಾಗುತ್ತದೆ. ಮೌನವನ್ನು ತುಂಬಿಬಿಡಬೇಕು ಎಂದು ನಾಲಿಗೆ ತುರಿಸುತ್ತದೆ. ನನ್ನ ಅನುಭವದಲ್ಲಿ ಒಳ್ಳೆಯ ಪ್ರಶ್ನೆಗಳು ಬರುವುದು ಆ ತುರಿಕೆಯನ್ನು ತಡೆದುಕೊಂಡ ಮೇಲೆಯೇ.

"ಪೋರ್ಷನ್ ಮುಗಿಸುವುದು ಯಾವಾಗ?" ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಡಿಸೆಂಬರಿನೊಳಗೆ ಪಾಠ ಮುಗಿಸಿ ರಿವಿಷನ್ ಶುರು ಮಾಡಬೇಕು, ಫಲಿತಾಂಶ ಕಡಿಮೆಯಾದರೆ ವಿವರಣೆ ಕೊಡಬೇಕು, ಸಿಇಟಿ ಮತ್ತು ನೀಟ್ ಬರೆಯುವವರ ಒತ್ತಡ ಬೇರೆ. ಎಂಬತ್ತು ಚೀಟಿಗಳಿಗೆ ದಿನವೂ ಉತ್ತರಿಸಲು ಆಗುವುದಿಲ್ಲ, ನಿಜ. ಆದರೆ ಎಂಬತ್ತು ಚೀಟಿಗಳಲ್ಲಿ ಎಂಬತ್ತು ಪ್ರಶ್ನೆಗಳು ಇರುವುದಿಲ್ಲ. ಗುಡ್ಡೆ ಮಾಡಿದರೆ ನಾಲ್ಕೈದು ಗುಡ್ಡೆಗಳಾಗುತ್ತವೆ. ಮಾರನೆಯ ದಿನದ ಮೊದಲ ಹತ್ತು ನಿಮಿಷ ಅವುಗಳಿಗೆ ಸಾಕು. ಆ ಹತ್ತು ನಿಮಿಷ ಉಳಿಸಿ ಮುಂದೆ ಹೋದರೆ ಮುಗಿಯುವುದು ನನ್ನ ಪೋರ್ಷನ್, ಮಕ್ಕಳದ್ದು ಅಲ್ಲೇ ನಿಂತಿರುತ್ತದೆ.

ಟ್ಯೂಷನ್ನಿನಲ್ಲಿ ಕೇಳಿಕೊಳ್ಳುತ್ತಾರೆ ಬಿಡಿ ಎನ್ನುವವರಿದ್ದಾರೆ. ಆರ್ಥರ್ ಗ್ರೇಸರ್ ಮತ್ತು ನಟಾಲಿ ಪರ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾನ್ಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಗಂಟೆಗೆ ಕೇಳುವ ಪ್ರಶ್ನೆಗಳು ಸರಾಸರಿ 0.11. ಅಂದರೆ ಸುಮಾರು ಒಂಬತ್ತು ಗಂಟೆಗೆ ಒಂದು. ಒಬ್ಬರ ಎದುರು ಒಬ್ಬರು ಕುಳಿತು ಕಲಿಯುವಾಗ ಅದು ಗಂಟೆಗೆ 26.5. ಇಷ್ಟು ಅಂತರಕ್ಕೆ ಮಕ್ಕಳ ಸ್ವಭಾವ ಕಾರಣವಾಗಲಾರದು, ಕುಳಿತ ಜಾಗವೇ ಕಾರಣ. ಆದರೆ ನಮ್ಮ ಊರುಗಳ ಟ್ಯೂಷನ್ ಎಂದರೆ ಒಬ್ಬರ ಎದುರು ಒಬ್ಬರಲ್ಲ. ತಗಡಿನ ಶೀಟಿನ ಕೆಳಗೆ ಐವತ್ತು ಮಕ್ಕಳು, ಒಂದು ವೈಟ್ ಬೋರ್ಡು, ಇನ್ನೊಂದು "ಅರ್ಥವಾಯಿತಾ?" ದುಡ್ಡು ಕೊಟ್ಟೂ ಕೇಳಲಾಗದ ಜಾಗ ಅದು.

ನನ್ನ ಹೆಂಡತಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳ ನಲಿ-ಕಲಿ ಕೋಣೆಗೆ ಹೋದಾಗಲೆಲ್ಲ ನನಗೆ ಆಶ್ಚರ್ಯ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹರಡಿದ ಪದ್ಧತಿ ಅದು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿರುತ್ತಾರೆ, ಟೀಚರೂ ನೆಲದ ಮೇಲೆ. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡುಗಳು. ಟೀಚರ ನೆರವಿನಿಂದ ಕಲಿಯುವ ಗುಂಪಿನ ಜೊತೆಗೆ ಗೆಳೆಯರ ನೆರವಿನಿಂದ ಕಲಿಯುವ ಗುಂಪೂ ಇರುತ್ತದೆ. ಅಂದರೆ ಪಕ್ಕದವರನ್ನು ಕೇಳುವುದು ಅಲ್ಲಿ ಕಳ್ಳತನವಲ್ಲ, ಕಲಿಕೆಯ ಕ್ರಮವೇ ಅದು. ಆರು ವರ್ಷದ ಮಗು ಕಾರ್ಡು ಹಿಡಿದು ತೊಡೆಯ ಮೇಲೆ ಬಂದು ಕುಳಿತು, "ಟೀಚರ್, ಇದು ಬರುವುದಿಲ್ಲ" ಎನ್ನುತ್ತದೆ. ಯಾವ ಸಂಕೋಚವೂ ಇಲ್ಲ. ಅದೇ ಮಗು ಹತ್ತು ವರ್ಷದ ನಂತರ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತದೆ. ಸಂಕೋಚ ಹುಟ್ಟಿನಿಂದ ಬಂದದ್ದಾಗಿದ್ದರೆ ಆರನೆಯ ವಯಸ್ಸಿನಲ್ಲೂ ಇರಬೇಕಿತ್ತು. ಈ ಹತ್ತು ವರ್ಷಗಳಲ್ಲಿ ಬೆಂಚುಗಳು ಸಾಲಾಗಿ ನಿಂತವು, ಪಕ್ಕದವರ ಜೊತೆ ಮಾತಾಡುವುದು ತಪ್ಪಾಯಿತು, ಸರಿ ಉತ್ತರಕ್ಕೆ ಮಾತ್ರ ಶಾಬಾಷ್ ಸಿಕ್ಕಿತು. ಆದ್ದರಿಂದ ನಾನು ಅವಳ ಕೋಣೆಯಿಂದ ಒಂದನ್ನು ನನ್ನ ಕೋಣೆಗೆ ತಂದುಕೊಂಡಿದ್ದೇನೆ: ಕಷ್ಟದ ಜಾಗ ಬಂದಾಗ ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡುತ್ತೇನೆ. ಆ ಎರಡು ನಿಮಿಷದಲ್ಲಿ "ನನಗೂ ಗೊತ್ತಾಗಲಿಲ್ಲ ಕಣೋ" ಎಂಬ ಮಾತು ಬೆಂಚಿನಿಂದ ಬೆಂಚಿಗೆ ದಾಟುತ್ತದೆ. "ನನಗೆ ಗೊತ್ತಾಗಲಿಲ್ಲ" ಎಂದು ಏಳಲಾರದವನು "ನಮಗೆ ಗೊತ್ತಾಗಲಿಲ್ಲ" ಎಂದು ಏಳುತ್ತಾನೆ.

ಪ್ರಶ್ನೆ ಎಂದಾಗ ಕರ್ನಾಟಕದಲ್ಲಿ ನಮಗೆ ನೆನಪಾಗುವ ಹೆಸರು ಡಾ. ಎಚ್. ನರಸಿಂಹಯ್ಯನವರದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಿಂದ ಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ಪ್ರಶ್ನಿಸದೆ ಏನನ್ನೂ ಒಪ್ಪಿಕೊಳ್ಳಬಾರದು ಎಂದು ಬದುಕಿನುದ್ದಕ್ಕೂ ಹೇಳಿದರು. ಅವರ ಮೇಲೆ ನನಗಿರುವ ಗೌರವ ದೊಡ್ಡದು. ಆದರೆ ಅಧಿಕಾರವನ್ನು, ಮೂಢನಂಬಿಕೆಯನ್ನು ಎದುರಿಸಿ ಕೇಳುವ ಪ್ರಶ್ನೆ ಒಂದು ಬಗೆಯದು. "ನನಗೆ ಇದು ತಿಳಿದಿಲ್ಲ, ಹೇಳಿಕೊಡಿ" ಎಂಬ ಪ್ರಶ್ನೆ ಇನ್ನೊಂದು ಬಗೆಯದು. ಮೊದಲನೆಯದನ್ನು ಕೇಳುವವನು ಎದೆಯುಬ್ಬಿಸಿ ನಿಲ್ಲಬಹುದು. ಎರಡನೆಯದನ್ನು ಕೇಳುವವನು ತನ್ನ ಕೊರತೆಯನ್ನು ಹತ್ತು ಜನರ ಮುಂದೆ ಬಿಚ್ಚಿಡಬೇಕು. ಎರಡನೆಯದನ್ನು ಕಲಿಯದ ಮಗು ಮೊದಲನೆಯದಕ್ಕೆ ತಲುಪಲಾರದು ಎಂಬುದು ನನ್ನ ನಂಬಿಕೆ. ತಿಳಿಯದ್ದನ್ನು ತಿಳಿಯದು ಎನ್ನಲಾರದವನು, ಯಾರೋ ಖಚಿತವಾಗಿ ಹೇಳಿದ್ದನ್ನು ತಲೆಯಾಡಿಸಿ ಒಪ್ಪುತ್ತಲೇ ಇರುತ್ತಾನೆ.

ಪ್ರಶ್ನೋಪನಿಷತ್ತಿನಲ್ಲಿ ಈ ಎರಡನೆಯ ಬಗೆಯ ಪ್ರಶ್ನೆಗೆ ನನಗೆ ಬಹಳ ಹಿಡಿಸಿದ ಒಂದು ಪ್ರಸಂಗವಿದೆ. ಆರು ಮಂದಿ ಕೈಯಲ್ಲಿ ಸಮಿತ್ತು ಹಿಡಿದು ಪಿಪ್ಪಲಾದ ಋಷಿಯ ಬಳಿಗೆ ಬರುತ್ತಾರೆ. ಒಂದು ವರ್ಷ ಇಲ್ಲಿರಿ, ಆಮೇಲೆ ಇಷ್ಟಬಂದದ್ದನ್ನು ಕೇಳಿ, ನಮಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುತ್ತೇವೆ ಎನ್ನುತ್ತಾನೆ ಅವನು. "ತಿಳಿದಿದ್ದರೆ" ಎನ್ನುತ್ತಾನೆ ಗುರು. ಆರನೆಯವನಾದ ಸುಕೇಶ ತನ್ನ ಪ್ರಶ್ನೆಯ ಹಿಂದಿನ ಕಥೆಯನ್ನೇ ಹೇಳುತ್ತಾನೆ. ಕೋಸಲದ ರಾಜಕುಮಾರ ಹಿರಣ್ಯನಾಭ ಒಮ್ಮೆ ಅವನ ಬಳಿಗೆ ಬಂದು ಹದಿನಾರು ಕಲೆಗಳ, ಅಂದರೆ ಅಂಶಗಳ, ಪುರುಷನನ್ನು ಬಲ್ಲೆಯಾ ಎಂದು ಕೇಳಿದ್ದ. ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಏಕೆ ಹೇಳದಿರಲಿ, ಸುಳ್ಳಾಡುವವನು ಬುಡಸಮೇತ ಒಣಗುತ್ತಾನೆ ಎಂದು ಸುಕೇಶ ಉತ್ತರಿಸಿದ್ದ. ರಾಜಕುಮಾರ ಮಾತಿಲ್ಲದೆ ರಥ ಹತ್ತಿ ಹೋದ. ಈಗ ಅದೇ ಪ್ರಶ್ನೆಯನ್ನು ಸುಕೇಶ ಗುರುವಿನ ಮುಂದಿಡುತ್ತಾನೆ. ಗೊತ್ತಿಲ್ಲ ಎಂದದ್ದನ್ನು ಮುಚ್ಚಿಡಲಿಲ್ಲ, ಆ ಪ್ರಶ್ನೆಯನ್ನು ಮರೆಯಲೂ ಇಲ್ಲ. ಗುರುವಿನ ಕಡೆಯಿಂದ "ತಿಳಿದಿದ್ದರೆ", ಶಿಷ್ಯನ ಕಡೆಯಿಂದ "ಗೊತ್ತಿಲ್ಲ". ಎರಡೂ ಇರುವ ಜಾಗದಲ್ಲಿ ಕೇಳುವುದು ಕಷ್ಟವಾಗುವುದಿಲ್ಲ. ನನ್ನ ತರಗತಿಯಲ್ಲೂ ಒಮ್ಮೆ, ಚೆಂಡನ್ನು ಭೂಮಿ ಎಳೆಯುವಷ್ಟೇ ಬಲದಿಂದ ಚೆಂಡೂ ಭೂಮಿಯನ್ನು ಎಳೆದರೆ, ಭೂಮಿಗೆ ಎಷ್ಟು ವೇಗೋತ್ಕರ್ಷ ಬರುತ್ತದೆ ಎಂದು ಒಬ್ಬ ಹುಡುಗ ಕೇಳಿದ್ದ. ಆ ಕ್ಷಣಕ್ಕೆ ಅಂಕಿ ನನ್ನ ಬಳಿ ಇರಲಿಲ್ಲ. ಹಾಗೆಂದೇ ಹೇಳಿ, ಜೊತೆಯಾಗಿ ಲೆಕ್ಕ ಹಾಕಿದೆವು. 150 ಗ್ರಾಮಿನ ಚೆಂಡಿನ ಭಾರ ಸುಮಾರು 1.5 ನ್ಯೂಟನ್, ಭೂಮಿಯ ದ್ರವ್ಯರಾಶಿ 6ರ ಮುಂದೆ 24 ಸೊನ್ನೆಗಳಷ್ಟು ಕಿಲೋಗ್ರಾಂ. ಭಾರವನ್ನು ದ್ರವ್ಯರಾಶಿಯಿಂದ ಭಾಗಿಸಿ ಬಂದ ವೇಗೋತ್ಕರ್ಷದಲ್ಲಿ ದಶಮಾಂಶ ಬಿಂದುವಿನ ನಂತರ 24 ಸೊನ್ನೆಗಳು, ಆಮೇಲೆ 25. ಸೊನ್ನೆ ಎಣಿಸುತ್ತ ಎಣಿಸುತ್ತ ಇಡೀ ತರಗತಿ ಗಲಾಟೆ ಮಾಡಿತು. ಅಂಥ ಗಲಾಟೆ ನನಗೆ ಬೇಕು.

ಈಗ ಮಕ್ಕಳ ಕೈಗೆ ಮೊಬೈಲ್ ಬಂದಿದೆ. ಕ್ಲಾಸಿನಲ್ಲಿ ಕೇಳಲಾರದ್ದನ್ನು ರಾತ್ರಿ ಯೂಟ್ಯೂಬಿನಲ್ಲಿ ಹುಡುಕುತ್ತಾರೆ, ಎಐ ಆ್ಯಪ್‌ಗಳನ್ನು ಕೇಳುತ್ತಾರೆ. ಫೋನು ನಗುವುದಿಲ್ಲ, ಬೈಯುವುದಿಲ್ಲ, ಹತ್ತು ಸಲ ಕೇಳಿದರೂ ಬೇಸರಿಸುವುದಿಲ್ಲ. ಅದು ಒಳ್ಳೆಯದೇ. ಆದರೆ ಹಾಗೆ ಗುಟ್ಟಾಗಿ ಕೇಳಿದ ಪ್ರಶ್ನೆ ಪಕ್ಕದವನ ಕಿವಿಗೆ ಬೀಳುವುದಿಲ್ಲ. ಅವನು ಇನ್ನೂ ತಾನೊಬ್ಬನೇ ದಡ್ಡ ಎಂದುಕೊಂಡೇ ಇರುತ್ತಾನೆ. ಐದನೆಯ ಸಾಲಿನಲ್ಲಿ ಅರ್ಧ ತರಗತಿ ನಿಂತಿದೆ ಎಂಬುದು ನನಗೂ ಗೊತ್ತಾಗುವುದಿಲ್ಲ.

ಇದನ್ನು ಓದುವ ವಿದ್ಯಾರ್ಥಿಗಳಿದ್ದರೆ ಅವರಿಗೆ ಎರಡು ಮಾತು. ಎಲ್ಲ ಮೇಷ್ಟರೂ ಚೀಟಿ ಡಬ್ಬಿ ಇಡುವುದಿಲ್ಲ, ನಿಮಗೆ ಸಿಕ್ಕಿದ ತರಗತಿಯಲ್ಲೇ ನೀವು ಬದುಕಬೇಕು. ಪ್ರಶ್ನೆ ಪೂರ್ತಿ ಸಿದ್ಧವಾಗುವವರೆಗೆ ಕಾಯಬೇಡಿ, ಅದು ಸಿದ್ಧವಾಗುವಷ್ಟರಲ್ಲಿ ಬೋರ್ಡು ಒರೆಸಿಯಾಗಿರುತ್ತದೆ. ನೋಟ್ಸ್ ಬರೆಯುವಾಗಲೇ ಕೈ ತಡೆದ ಜಾಗದಲ್ಲಿ ಅಂಚಿಗೆ ಒಂದು ಚುಕ್ಕೆ ಇಡಿ. "ಇಲ್ಲಿಯವರೆಗೆ ತಿಳಿಯಿತು, ಇದರಿಂದ ಇದು ಹೇಗೆ ಬಂತು ಎಂಬುದು ತಿಳಿಯಲಿಲ್ಲ" ಎಂದು ಕೇಳಿದರೆ ಎಷ್ಟು ಸಿಡುಕಿನ ಮೇಷ್ಟರಾದರೂ ಸಾಮಾನ್ಯವಾಗಿ ಉತ್ತರಿಸುತ್ತಾರೆ, ಯಾಕೆಂದರೆ ನೀವು ಕೇಳಿಸಿಕೊಳ್ಳುತ್ತಿದ್ದಿರಿ ಎಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿ. ಗ್ರೇಸರ್ ಮತ್ತು ಪರ್ಸನ್ ಅವರ ಅಧ್ಯಯನದಲ್ಲಿ ಕಂಡದ್ದೂ ಇದೇ: ಪ್ರಶ್ನೆಗಳ ಸಂಖ್ಯೆಗೂ ಕಲಿಕೆಯ ಮಟ್ಟಕ್ಕೂ ಸಂಬಂಧ ಕಾಣಲಿಲ್ಲ, ಪ್ರಶ್ನೆಯ ಗುಣಕ್ಕೂ ಕಲಿಕೆಗೂ ಇತ್ತು. ಮೊದಲ ಸಲ ಧ್ವನಿ ನಡುಗುತ್ತದೆ. ನಡುಗಲಿ. ಒಬ್ಬರೇ ಏಳಲಾಗದಿದ್ದರೆ ಬೆಂಚಿನವರನ್ನು ಜೊತೆಗೆ ಕರೆದುಕೊಳ್ಳಿ. ಉತ್ತರ ಬಂದ ಮೇಲೂ ತಿಳಿಯದಿದ್ದರೆ ತಿಳಿಯಿತು ಎನ್ನಬೇಡಿ, "ಇನ್ನೊಮ್ಮೆ, ಬೇರೆ ರೀತಿಯಲ್ಲಿ ಹೇಳಿ ಸಾರ್" ಎನ್ನಿ. ಎರಡನೆಯ ಸಲ ಕೇಳುವುದಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಧೈರ್ಯ ಬೇಕು. ಬಹಳ ಮಂದಿ ಮೊದಲ ಉತ್ತರಕ್ಕೇ ತಲೆಯಾಡಿಸಿ ಕುಳಿತುಬಿಡುತ್ತಾರೆ.

ಮುಂದಿನ ವಾರ ನಮ್ಮಲ್ಲಿ ಘರ್ಷಣೆಯ ಪಾಠ. ಪುಸ್ತಕವನ್ನು ಮೊದಲೇ ತಿರುವಿ ಹಾಕಿದ ಯಾರೋ ಒಬ್ಬರು ಡಬ್ಬಿಯಲ್ಲಿ ಚೀಟಿ ಹಾಕಿದ್ದಾರೆ: "ಘರ್ಷಣೆ ಚಲನೆಯನ್ನು ತಡೆಯುತ್ತದೆ ಎಂದಿದೆ. ಘರ್ಷಣೆ ಇಲ್ಲದಿದ್ದರೆ ನಡೆಯಲು ಆಗುವುದಿಲ್ಲ ಎಂದೂ ಇದೆ. ತಡೆಯುವುದೇ ಮುಂದಕ್ಕೆ ತಳ್ಳುವುದು ಹೇಗೆ?" ಪಾಠವನ್ನು ವ್ಯಾಖ್ಯಾನದಿಂದ ಶುರು ಮಾಡಬೇಕು ಎಂದುಕೊಂಡಿದ್ದೆ. ಈಗ ಈ ಚೀಟಿಯನ್ನು ಬೋರ್ಡಿನ ಮೇಲೆ ಬರೆದು, ನಡೆಯುವಾಗ ಪಾದ ನೆಲವನ್ನು ಯಾವ ಕಡೆಗೆ ಒತ್ತುತ್ತದೆ ಎಂದು ಒಬ್ಬರನ್ನು ಮುಂದೆ ಕರೆದು ನಡೆಸಿ, ಉಳಿದವರಿಂದ ಹೇಳಿಸುವುದು ಎಂದು ತೀರ್ಮಾನಿಸಿದ್ದೇನೆ.